ವರಾಂಡದಲ್ಲಿ ಕೂತ ನೀಲಮ್ಮ

ಬಸವೇಶ್ವರನಗರದ ನೀಲಮ್ಮನವರಿಗೆ ಹಾಡಿನ ಹುಚ್ಚು. ಶ್ರುತಿ-ತಾಳಕ್ಕೂ ಅವರಿಗೂ ಮಾತ್ರ ಎಣ್ಣೆ ಸೀಗೇಕಾಯಿ. ಅಕ್ಕನ ಬಳಗದ ಹೆಂಗಸರು ವಾರವಾರವೂ ಅಧ್ಯಕ್ಷೆ ಬಸವರಾಜೇಶ್ವರಿಯವರ ಮನೆಯ ಹಾಲಿನಲ್ಲಿ ಕೂತು ವಚನ ಹಾಡುವಾಗ ಇವರಿಗೆ ವರಾಂಡದಲ್ಲೇ ಜಾಗ. "ನೀಲಾ, ನೀನು ಹೊರಗೆ ಕೂತ್ಕೊಳ್ಳೇ, ಚಪ್ಪಲಿ ನಾಯಿ ಎತ್ಕೊಂಡು ಹೋಗತ್ತೆ" ಎಂದು ಬಸವರಾಜೇಶ್ವರಿಯವರು ನಯವಾಗಿ ಹೇಳುತ್ತಿದ್ದರು. ಆ ನಾಯಿಯನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ.

ಜುಲೈ ಬಂತು. ಜಡಿಮಳೆ, ಕೊರೆಯುವ ಗಾಳಿ, ಟೀವಿಯಲ್ಲಿ ಹಂದಿಜ್ವರದ ಸುದ್ದಿ. ಭಾನುವಾರ ವಿಜಯನಗರದಲ್ಲಿ ವಚನ ಸ್ಪರ್ಧೆ ಬೇರೆ, ಗಂಟಲು ಕೆಡಬಾರದಲ್ಲ. ಥಂಡಿ ಗಾಳಿಯೇ ಜ್ವರ ತರುತ್ತದೆಂದು ನಂಬಿದ್ದ ಬಸವರಾಜೇಶ್ವರಿಯವರು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಸಂದಿಗೆ ಹಳೇ ಸೀರೆ ತುರುಕಿಸಿದರು. ಹೆಂಗಸರೆಲ್ಲ ಶಾಲು ಹೊದ್ದು ಒತ್ತಿಕೊಂಡು ಕೂತರು. ಬಳಗದ ಕೋಗಿಲೆ ಅಂಬುಜಾ ಆಗಲೇ ಸೀನುತ್ತಿದ್ದಳು. ಪಾಪ, ಬೆಚ್ಚಗಿರಲಿ ಎಂದು ಅವಳನ್ನು ನಟ್ಟನಡುವೆ ಕೂರಿಸಿದರು.

"ಅತ್ತೆ, ಮಳೆಗಾಲದಲ್ಲಿ ಹೀಗೆ ಎಲ್ಲಾ ಮುಚ್ಕೊಂಡು ಕೂರೋದ್ರಿಂದ್ಲೇ ಒಬ್ರಿಂದ ಒಬ್ರಿಗೆ ಬೇಗ ಹರಡೋದು. ಒಂದು ಕಿಟಕಿನಾದ್ರೂ ತೆಗೀರಿ" ಎಂದಳು ಸೊಸೆ ಸೌಮ್ಯಶ್ರೀ.

"ಸುಮ್ನಿರೇ. ಜ್ವರ ಬಂದ್ರೆ ಹೊರಗೆ ಕೂತಿರೋ ನೀಲಾಗೇ ಮೊದಲು ಬರೋದು."

ನೀಲಮ್ಮನವರಿಗೆ ಪಿಚ್ಚೆನಿಸಿತು. ಆದರೂ ಸ್ವೆಟರ್ ಎಳೆದುಕೊಂಡು, ಇರಚಲಿನಲ್ಲಿ ನೆನೆಯುತ್ತಾ, ಮುಚ್ಚಿದ ಕಿಟಕಿಗೆ ಕಿವಿಗೊಟ್ಟು ಒಳಗಿನವರ ಜೊತೆ ತಾವೂ ಹಾಡಿದರು. ಒಂದೇ ಒಂದು ಸಲ ವೇದಿಕೆ ಹತ್ತಿ ಹಾಡಬೇಕು, ಅಷ್ಟೇ ಅವರ ಆಸೆ.

ಶನಿವಾರದ ಹೊತ್ತಿಗೆ ಬಳಗಕ್ಕೆ ಬಳಗವೇ ಹಾಸಿಗೆ ಹಿಡಿಯಿತು. ನೀಲಮ್ಮನವರು ಮಾತ್ರ ಗುಂಡುಕಲ್ಲಿನ ಹಾಗಿದ್ದರು. ಸ್ಪರ್ಧೆಗೆ ಬಳಗದ ಹೆಸರು ಕೊಟ್ಟಾಗಿತ್ತು, ಈಗ ಹಿಂದೆ ಸರಿದರೆ ವಿಜಯನಗರದವರು ವರ್ಷವಿಡೀ ಆಡಿಕೊಳ್ಳುತ್ತಾರೆ. ಬಸವರಾಜೇಶ್ವರಿಯವರು ವಿಧಿಯಿಲ್ಲದೆ ಫೋನು ಮಾಡಿ, ಕೆಮ್ಮಿ ಕೆಮ್ಮಿ, "ನೀಲಾ, ನೀನೇ ಹೋಗಿ ಬಾರೇ. ಸ್ವಲ್ಪ ಮೆಲ್ಲಗೆ ಹಾಡು" ಎಂದರು.

ಮೆಲ್ಲಗೆಯಂತೆ ಮೆಲ್ಲಗೆ! ನೀಲಮ್ಮನವರು ಮದುವೆಯ ರೇಷ್ಮೆ ಸೀರೆ ಉಟ್ಟು, ವೇದಿಕೆ ಹತ್ತಿ, ಬಾಯ್ತುಂಬ ಹಾಡಿದರು. ತಬಲದವನು ಎರಡನೇ ಸಾಲಿಗೇ ಕೈಚೆಲ್ಲಿದ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀಲಮ್ಮನವರು ನಿಲ್ಲಿಸಲಿಲ್ಲ, ಮುಗಿಸುವಾಗ ಅವರ ಕಣ್ಣು ತುಂಬಿತ್ತು.

ಫಲಿತಾಂಶ ಹೇಳಿ ಮುಗಿಯುವಷ್ಟರಲ್ಲಿ ಅಂಬುಜಾಳ ಫೋನು ಬಂತು. ದನಿಯೇ ಹೊರಡುತ್ತಿರಲಿಲ್ಲ. "ನೀಲಕ್ಕ, ಪ್ರೈಜ್ ಬಂತಾ?"

"ಎಲ್ಲಿಯ ಪ್ರೈಜಮ್ಮ. ಆದ್ರೆ ಅಂಬುಜಾ, ಯಾರೂ ನನ್ನ ಹೊರಗೆ ಕೂತ್ಕೋ ಅನ್ಲಿಲ್ಲ ಕಣೇ."