ಮುಚ್ಚಳದೊಳಗಿನ ಕಣಕ

ರಾಣೆಬೆನ್ನೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮೆಕ್ಯಾನಿಕ್ ಆಗಿದ್ದರು. ಯಾವ ಎಂಜಿನ್ ಮುಟ್ಟಿದರೂ, “ಮೊದಲ ಕೈಲೆ ತಿರುವಿ ನೋಡೂಣು” ಎನ್ನುತ್ತಿದ್ದರು.

ನಾನು ಎಂ.ಎಸ್ಸಿ. ಓದುತ್ತಿದ್ದಾಗ ಅಪ್ಪ ತಮ್ಮ ಹಳೆಯ ಜೀಪಿಗೆ, ವಾಲ್ವ್ ಒತ್ತುವ ರಾಕರ್‌ಗಳನ್ನು ಹೊಸದಾಗಿ ತರಿಸಿದರು. ತುದಿಗೆ ಉರುಳೆಯಿದ್ದ ಅವು ಹಳೆಯವಕ್ಕಿಂತ ಎತ್ತರ. ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಬಡಿದರೆ ಎಂಜಿನ್ನೇ ಹಾಳು. ಬ್ಯಾಡಗಿಯ ಗ್ಯಾರೇಜಿನವರು ಮುಚ್ಚಳವನ್ನೇ ಕತ್ತರಿಸಬೇಕು ಎಂದಿದ್ದರು.

ಪಕ್ಕದ ಮನೆಯವರು ಕತ್ತರಿಸಲಿಲ್ಲ. “ತಂಗಿ, ಒಂದ ಉಂಡಿ ಗೋದಿ ಕಣಕ ತಗೊಂಡ ಬಾರವಾ” ಎಂದರು.

“ಎಂಜಿನ್ನಿಗೆ ಹೋಳಿಗಿ ಮಾಡಿ ಹಾಕ್ತೀರೇನ್ರಿ?” ಎಂದು ಅಪ್ಪ ನಕ್ಕರು.

“ಪೆಟ್ಟ ಎಲ್ಲಿ ಬೀಳತೈತಿ ಅಂತ ಅದ ಹೇಳತೈತ್ರಿ, ಸಾವಕಾರ್ರ.”

ಹೊಸ ರಾಕರ್ ಹಾಕಿ, ಕಣಕವನ್ನು ಮುಚ್ಚಳದ ಒಳಗೆ ಮೆತ್ತಿ ಕೂಡಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಬಿಚ್ಚಿದರು. ಎರಡು ಕಡೆ ಕಣಕ ಹರಿದು ತಗಡು ಕಾಣುತ್ತಿತ್ತು. ಮುಚ್ಚಳ ತುಸು ಮೇಲೇಳಲೆಂದು ಅದರ ಅಂಚಿಗೆ ದಪ್ಪನೆಯ ಕಾರ್ಕ್ ಪ್ಯಾಕಿಂಗ್ ಹಾಕಿ, ಹೊಸ ಕಣಕ ಮೆತ್ತಿ, ಮತ್ತೆ ತಿರುಗಿಸಿದರು. ಈ ಸಲ ಎಲ್ಲ ಕಡೆಯೂ ರೊಟ್ಟಿಯಷ್ಟು ದಪ್ಪ ಉಳಿದಿತ್ತು.

ಎಲ್ಲ ಒರೆಸಿ, ಕೂಡಿಸಿ, ಎಂಜಿನ್ ಚಾಲೂ ಮಾಡಿದರು. ಮುಚ್ಚಳದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಅಪ್ಪನನ್ನು ಬಿಟ್ಟು ನನ್ನನ್ನು ಕರೆದರು. “ನೀನೂ ಕೈ ಇಟ್ಟ ನೋಡವಾ.”

ಇಟ್ಟೆ. ಮುಚ್ಚಳ ಸಣ್ಣಗೆ ನಡುಗುತ್ತಿತ್ತು, ಅಷ್ಟೇ.

“ಬಡ್ಯಾಕತ್ತಿಲ್ಲಪ್ಪಾ” ಎಂದು ನಾನೇ ಕೂಡಿಸಿದವಳಂತೆ ಅಪ್ಪನಿಗೆ ಹೇಳಿದೆ.