ಪೊರೆ ಬಿಡುವ ತನಕ

ಎದುರು ಮನೆಯ ಅಕ್ಕಾರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಡೀ ನೌಕರಿಯನ್ನು ಆ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡೇ ಕಳೆದದ್ದರಿಂದ ಹಾಗಾಯಿತೆಂದು ಅವರ ನಂಬಿಕೆ. "ಈ ಕಿವಿ ಸರ್ಕಾರದ್ದು, ಈ ಕಿವಿ ನಂದು" ಎಂದು ಮುಟ್ಟಿ ತೋರಿಸುತ್ತಿದ್ದರು. ಬಿಲ್ಡಿಂಗಿನವರು ಚಾಡಿ ಹೇಳಲು ಬಂದರೆ ಸರ್ಕಾರದ ಕಿವಿಯನ್ನು ಮುಂದೆ ಮಾಡುವರು. ಮನಸ್ಸಿಗೆ ಬೇಕಾದವರು ಬಂದರೆ ತಲೆ ತಾನಾಗಿ ಇನ್ನೊಂದು ಕಡೆಗೆ ಹೊರಳುತ್ತಿತ್ತು.

ಮುಂಬಯಿಯ ಮುಲುಂಡಿನಲ್ಲಿ ಅವರದು ನನ್ನ ಎದುರು ಬಾಗಿಲು. ನಾನು ಧಾರವಾಡದಿಂದ ವರ್ಗವಾಗಿ ಫೋರ್ಟಿನ ಬ್ಯಾಂಕೊಂದಕ್ಕೆ ಬಂದವನು. ಬರುವ ಹೊತ್ತಿಗೆ ಮದುವೆ ಮುರಿದಿತ್ತು, ಜನರ ಮೇಲಿನ ನಂಬಿಕೆಯೂ ಅಷ್ಟರಲ್ಲೇ ಇತ್ತು. ಮೊದಲ ದಿನ ಬಾಗಿಲಿನ ಕೀಲಿ ತೆರೆಯಲಾಗದೆ "ಇದರ ಹೆಣಾ ಎತ್ಲಿ" ಎಂದು ಗೊಣಗಿದೆ. ಬೆನ್ನ ಹಿಂದಿನ ಎದುರು ಬಾಗಿಲು ತೆರೆಯಿತು.

"ಯಾವೂರು, ತಮ್ಮಾ?"

"ಧಾರವಾಡ ರೀ."

"ಬೈಗುಳದಾಗ ಗೊತ್ತಾತು. ನಂದು ವಿಜಾಪುರ ಕಡಿ. ಬಾ, ಚಹಾ ಕುಡಿ."

ಅಂದಿನಿಂದ ಅವರು ನನಗೆ ಅಕ್ಕಾರು. ಅವರು ನನ್ನನ್ನು ತಮ್ಮಾ ಎಂದರೆಂದು ನಾನೇನೂ ಹಿಗ್ಗಲಿಲ್ಲ. ಲಿಫ್ಟಿನವನನ್ನೂ, ಭಾಜಿ ಮಾರುವವನನ್ನೂ ಅವರು ಹಾಗೇ ಕರೆಯುತ್ತಿದ್ದರು. ಮಾತಿನ ಮಧ್ಯೆ ಒಲೆ ಆರಿಸಲು ಎದ್ದರೆ "ಒಂದ್ ನಿಮಿಷ ಹೋಲ್ಡ್ ಮಾಡು" ಎಂದು ಎದುರಿಗೆ ಕೂತವನಿಗೇ ಹೇಳಿ ಹೋಗುವರು. ಜೊತೆಗೆ ಕೆಲಸ ಮಾಡುತ್ತಿದ್ದ ಮರಾಠಿಯವರೊಬ್ಬರನ್ನು ಮನಸಾರೆ ಮೆಚ್ಚಿ ಮದುವೆಯಾದವರು ಅವರು. ಆ ಮದುವೆಯ ಸಿಟ್ಟಿಗೆ ಊರಿನ ಅಣ್ಣ ಪಂಚಮಿಗೆ ಕರೆಯುವುದನ್ನು ನಿಲ್ಲಿಸಿದ. ನಮ್ಮ ಕಡೆ ಹೆಣ್ಣುಮಗಳಿಗೆ ಪಂಚಮಿಯ ಕರೆ ಬರಲಿಲ್ಲವೆಂದರೆ ತವರು ಮುಗಿಯಿತೆಂದೇ ಲೆಕ್ಕ. ಮಕ್ಕಳಾಗಲಿಲ್ಲ, ಗಂಡನೂ ತೀರಿಕೊಂಡು ಬಹಳ ವರ್ಷವಾಗಿತ್ತು. ಇದನ್ನೆಲ್ಲ ಅವರು ಅಡುಗೆಯ ಉಪ್ಪು ಖಾರದ ಮಾತಿನ ಹಾಗೆ ಹೇಳಿ ಮುಗಿಸುತ್ತಿದ್ದರು.

ಒಂದು ಮಳೆಗಾಲ ನಮ್ಮ ಬಿಲ್ಡಿಂಗಿನ ಸೊಸಾಯಿಟಿಯವರು ಬೆಕ್ಕುಗಳು ಬಾರದಿರಲೆಂದು ಹೂದೋಟದ ಸುತ್ತ ನೈಲಾನ್ ಬಲೆ ಕಟ್ಟಿಸಿದರು. ಬೆಕ್ಕುಗಳು ಆರಾಮವಾಗಿ ದಾಟಿ ಬಂದವು. ಸಿಕ್ಕಿಬಿದ್ದದ್ದು ಹಿಂದಿನ ಗುಡ್ಡದಿಂದ ಇಳಿದು ಬಂದ ಕೇರೆ ಹಾವು. ಬಿಡಿಸಿಕೊಳ್ಳಲು ಹೊರಳಿದಷ್ಟೂ ದಾರ ಮೈಯೊಳಗೆ ಇಳಿದಿತ್ತು. ಕೋಲು ಹಿಡಿದು ನಿಂತವರ ಮುಂದೆ ಅಕ್ಕಾರು ಮ್ಯಾಕ್ಸಿಯ ಮೇಲೊಂದು ಟವೆಲ್ ಹೊದ್ದುಕೊಂಡು ಹೋಗಿ ಅಡ್ಡ ನಿಂತರಂತೆ. ಹಾವು ಹಿಡಿದು ಕಾಡಿಗೆ ಬಿಡುವ ಸರ್ಪಮಿತ್ರನೊಬ್ಬ ಬಂದು ಬಲೆ ಕತ್ತರಿಸಿದ. ಪ್ರಾಣಿವೈದ್ಯರು ಹೊಲಿಗೆ ಹಾಕಿದರು. ಮಳೆಗಾಲದಲ್ಲಿ ಗಾಯಗೊಂಡ ಪ್ರಾಣಿಗಳ ಆಶ್ರಯ ಕೇಂದ್ರ ತುಂಬಿ ತುಳುಕುತ್ತಿತ್ತು. ಗಾಯಕ್ಕೋ ದಿನವೂ ಔಷಧಿ ಹಚ್ಚಬೇಕು. "ನಮ್ಮ ಗ್ಯಾಲರಿ ಖಾಲಿ ಐತಿ" ಎಂದು ಅಕ್ಕಾರು ತಮ್ಮ ಬಾಲ್ಕನಿಯತ್ತ ಕೈ ತೋರಿದರು. ಸರ್ಪಮಿತ್ರ ಅರಣ್ಯ ಇಲಾಖೆಯವರನ್ನು ಕೇಳಿ ಒಪ್ಪಿಗೆ ಪಡೆದ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಇದೆಲ್ಲ ಆಗಿಹೋಗಿತ್ತು.

"ತಮ್ಮಾ, ಸ್ವಲ್ಪ ಹಿಡಿಯೋದೈತಿ, ಬಾ" ಎಂದು ಬಾಗಿಲು ತಟ್ಟಿದರು. ಗ್ಯಾಸ್ ಸಿಲಿಂಡರ್ ಇರಬೇಕೆಂದು ನಾನು ತೋಳು ಮಡಚಿಕೊಂಡು ಹೋದೆ. ಗ್ಯಾಲರಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ತುಂಬ ತೂತು. ಒಳಗೆ ನನ್ನಷ್ಟೇ ಉದ್ದದ ಹಾವು.

"ತಲಿ ನಂದು, ಬಾಲ ನಿಂದು. ಹೆದರಬ್ಯಾಡ, ವಿಷ ಇಲ್ಲ. ಕಡದ್ರ ಬರೇ ಕಡಿತೈತಿ, ಅಷ್ಟ."

ಅದು ಬಾಲ ಹಿಡಿದ ನನ್ನನ್ನು ಬಿಟ್ಟು ಅವರನ್ನೇ ಕಡಿಯಿತು. ಹೆಬ್ಬೆರಳಿನಿಂದ ರಕ್ತ ಬರುತ್ತಿದ್ದರೂ ಅವರು ಹಿಡಿತ ಸಡಿಲಿಸಲಿಲ್ಲ. "ಸರ್ಕಾರಿ ನೌಕರಿ ಮಾಡಿದಾಕಿ ನಾ. ಇದಕ್ಕಿಂತ ಜೋರು ಕಡಿಸ್ಕೊಂಡೀನಿ" ಎಂದರು. ನಾನು ಬಾಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ತಣ್ಣಗಿನ ಆ ಮೈಯೊಳಗೆ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಪ್ರತಿ ಸಂಜೆ ಅದೇ ಕೆಲಸ. ಆಫೀಸು ಬಿಟ್ಟ ಮೇಲೆ ಸುಮ್ಮನೆ ಸ್ಟೇಷನ್ನಿನಲ್ಲಿ ಹೊತ್ತು ಕಳೆಯುತ್ತಿದ್ದವನು ಈಗ ಸಿಕ್ಕ ಲೋಕಲ್‌ಗೆ ಜೋತುಬಿದ್ದು ಬರತೊಡಗಿದೆ. ಆ ಊರಿನಲ್ಲಿ ಯಾರೋ ನನ್ನ ದಾರಿ ಕಾಯುತ್ತಿದ್ದಾರೆ ಎಂಬುದೇ ನನಗೆ ಹೊಸದು. ಹಾವಿನ ಬಾಲ ಹಿಡಿಯುವುದಕ್ಕಾದರೂ ಆಗಲಿ, ಕಾಯುತ್ತಿದ್ದರಲ್ಲ. ಔಷಧಿ ಹಚ್ಚಿ ಡಬ್ಬಿ ಮುಚ್ಚಿದ ಮೇಲೂ ಅಕ್ಕಾರು ಅಲ್ಲೇ ಬೆತ್ತದ ಸ್ಟೂಲಿನ ಮೇಲೆ ಕೂತುಬಿಡುವರು. ಬಾಯಿಗೆ ಬಿಡುವೇ ಇಲ್ಲದ ಹೆಂಗಸು ಹಾವಿನ ಮುಂದೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಜನಮಪೂರ್ತಿ ಮಂದಿ ಮಾತು ಜೋಡಿಸಿ ಕೊಟ್ಟೀನಿ. ಈ ಹಾವು ಏನೂ ಕೇಳಂಗಿಲ್ಲ, ತಮ್ಮಾ. ಕಿವಿಯಿಂದಾನೂ ಕೇಳಂಗಿಲ್ಲ, ಬಾಯಿಯಿಂದಾನೂ ಕೇಳಂಗಿಲ್ಲ. ಇದರ ಮುಂದ ಕುಂತ್ರ ಆರಾಮ ಅನಸ್ತೈತಿ."

ಅದಕ್ಕೊಂದು ಹೆಸರಿಡೋಣವೆಂದರೆ ಒಪ್ಪಲಿಲ್ಲ. "ಹೆಸರಿಟ್ರ ಇಟ್ಕೋಬೇಕು ಅನಸ್ತೈತಿ. ಗುಣ ಆದಮ್ಯಾಲ ಹೋಗೋದು ಅದು."

ಗುಣವಾಗುವ ಲಕ್ಷಣವೇ ಕಾಣುತ್ತಿರಲಿಲ್ಲ. ಹಾವು ಏನನ್ನೂ ತಿನ್ನುತ್ತಿರಲಿಲ್ಲ. ಅಕ್ಕಾರ ಮನೆಯೊಳಗೆ ಮೊಟ್ಟೆ ಸಹ ಬಂದದ್ದಿಲ್ಲ. ಸರ್ಪಮಿತ್ರ ತಂದುಕೊಟ್ಟದ್ದು ಹೆಪ್ಪುಗಟ್ಟಿದ ಇಲಿ. ಅದನ್ನು ನನ್ನ ಕೈಗೆ ದಾಟಿಸಿದರು. "ನಿನ್ನ ಫ್ರಿಜ್ಜಿನ್ಯಾಗ ಹೆಂಗಿದ್ರೂ ಏನೂ ಇರಂಗಿಲ್ಲಲ್ಲ." ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಬಿಸಿನೀರಲ್ಲಿಟ್ಟು, ಮೂಗು ಮುಚ್ಚಿಕೊಂಡು, ಇಕ್ಕಳದಿಂದ ಅವರು ಇಲಿಯನ್ನು ಡಬ್ಬಿಗೆ ಬಿಡುವರು. ಮರುದಿನ ಹಾಗೇ ಎತ್ತಿ ಹಾಕುವರು. ಹಾವು ಸೊರಗುತ್ತ ಬಂತು. ಇವರೂ ಸರಿಯಾಗಿ ಉಣ್ಣುವುದನ್ನು ಬಿಟ್ಟರು. ಕೊನೆಗೊಂದು ಬೆಳಿಗ್ಗೆ ನನ್ನ ಬಾಗಿಲು ಮುರಿಯುವ ಹಾಗೆ ಬಡಿದರು. "ತಿಂತು! ತಮ್ಮಾ, ತಿಂತು!" ಅಂದು ನನ್ನ ಊಟದ ಡಬ್ಬಿಗೆ ಶೇಂಗಾ ಹೋಳಿಗೆ ಬಿತ್ತು. ಇಲಿ ತಿಂದ ಸಂಭ್ರಮಕ್ಕೆ ಹೋಳಿಗೆ ತಿಂದವರು ಮುಂಬಯಿಯಲ್ಲಿ ನಾವಿಬ್ಬರೇ ಇರಬೇಕು.

ಸೊಸಾಯಿಟಿಯ ಸೆಕ್ರೆಟರಿಗೆ ಸುದ್ದಿ ಮುಟ್ಟಿತು. "ಆಂಟೀ, ಯೇ ಸೊಸಾಯಿಟಿ ಹೈ, ರಾಣೀಬಾಗ್ ನಹೀಂ" ಎಂದು ಮುಂಬಯಿಯ ಮೃಗಾಲಯದ ಹೆಸರೆತ್ತಿ ಬಾಗಿಲಲ್ಲೇ ಕೂಗಾಡಿದ.

"ರಾಣೀಬಾಗ್ ಮೇಂ ಟಿಕೆಟ್ ಲಗತಾ ಹೈ. ಇಧರ್ ಫ್ರೀ ಮೇಂ ದೇಖೋ" ಎಂದು ಇವರು ಸರ್ಕಾರದ ಕಿವಿ ತೋರಿಸಿ ನಿಂತರು.

ತಮಾಷೆಯೆಂದರೆ, ನಾಗರ ಪಂಚಮಿಯ ದಿನ ಅದೇ ಸೆಕ್ರೆಟರಿಯ ಹೆಂಡತಿ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಹಾಲು, ಅರಿಸಿನ, ಕುಂಕುಮ ಹಿಡಿದು ಬಂದಳು. ಹಾವು ಹಾಲು ಕುಡಿಯುವುದಿಲ್ಲ, ಕುಡಿಸಿದರೆ ಸತ್ತೇಹೋಗುತ್ತದೆ ಎಂದು ಅಕ್ಕಾರು ಹಿಂದಿಯಲ್ಲಿ, ಮರಾಠಿಯಲ್ಲಿ ಹೇಳಿ ನೋಡಿದರು. ಕೊನೆಗೆ "ಆಜ್ ಉಸ್ಕೋ ಛುಟ್ಟೀ ಹೈ" ಎಂದು ಹಾವಿಗೆ ರಜಾ ಕೊಟ್ಟು ಬಾಗಿಲು ಹಾಕಿಕೊಂಡರು.

ಆಮೇಲೆ ಅಡುಗೆಮನೆಯಲ್ಲಿ ತಮ್ಮ ಹಬ್ಬ ಮಾಡಿದರು. ತುಳಸಿ ಕುಂಡದ ಮಣ್ಣಿನಲ್ಲಿ ಮಾಡಿದ ಪುಟ್ಟ ನಾಗಪ್ಪ, ಕೊಬ್ಬರಿ ಬಟ್ಟಲಲ್ಲಿ ಹಾಲು. ಕರಕಿ ಹುಲ್ಲಿನ ಎಳೆ ಅದ್ದಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಹನಿ ಬಿಟ್ಟರು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಯಜಮಾನರ ಪಾಲು." ಸ್ವಲ್ಪ ತಡೆದು "ಅಣ್ಣನ ಪಾಲು" ಎಂದರು. ಕರೆಯದ ಅಣ್ಣನಿಗೂ ಪ್ರತಿ ವರ್ಷ ತಪ್ಪದೆ ಹಾಲೆರೆಯುತ್ತಿದ್ದರೆಂದು ಆಗ ತಿಳಿಯಿತು. ಮತ್ತೆ ಕರಕಿ ಅದ್ದಿದರು. "ತಮ್ಮನ ಪಾಲು."

"ನಿಮಗ ತಮ್ಮನೂ ಅದಾರೇನ್ರಿ?" ಎಂದೆ.

ಪೆದ್ದನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಇಷ್ಟು ದಿನ ಹಾವಿನ ಬಾಲ ಹಿಡಿದಾಂವ ಯಾರು ಮತ್ತ?"

ಅವರು ಕೊಟ್ಟ ಜೋಳದ ಅಳ್ಳಿನ ಉಂಡಿಯ ತಟ್ಟೆ ಹಿಡಿದು ಮನೆಗೆ ಬಂದು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಗಾಯ ಮಾಗಿತ್ತು. ಒಂದು ಸಂಜೆ ಹೋದರೆ ಅಕ್ಕಾರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. "ಕುರುಡಾತು, ತಮ್ಮಾ. ನನ್ನಂಗ ಇದರ ಕಣ್ಣಿಗೂ ಪೊರೆ ಬಂತು." ಹಾವಿನ ಕಣ್ಣು ನಿಜವಾಗಿ ಹಾಲಿನ ಹಾಗೆ ಮಸುಕಾಗಿತ್ತು. ವೈದ್ಯರಿಗೆ ಫೋನ್ ಮಾಡಿದೆವು. ಅವರು ನಕ್ಕರು. "ಆಂಟೀ, ಕಾತ್ ಟಾಕಣಾರ್ ಆಹೇ ತೀ." ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಹಾಗೇ ಆಗುತ್ತದಂತೆ. ಪೊರೆ ಹರಿಯದೆ ಇಡಿಯಾಗಿ ಬಂದರೆ ಗಾಯ ಪೂರ್ತಿ ವಾಸಿಯಾಯಿತೆಂದೇ ತಿಳಿಯಿರಿ, ಆಗ ಕಾಡಿಗೆ ಬಿಡಬಹುದು, ಎಂದರು. ಅಕ್ಕಾರು ನಗಲಿಲ್ಲ.

ಕೆಲವು ದಿನ ಬಿಟ್ಟು ಅವರ ಗ್ಯಾಲರಿಯ ಹಗ್ಗದ ಮೇಲೆ, ಒಣಹಾಕಿದ ಸೀರೆಯ ಹಿಂದೆ, ತೆಳ್ಳಗಿನ ಉದ್ದನೆಯ ಪೊರೆ ತೂಗುತ್ತಿತ್ತು. ಎಲ್ಲೂ ಹರಿದಿರಲಿಲ್ಲ. ಬಲೆ ಕೊಯ್ದ ಜಾಗದಲ್ಲಿ ಮಾತ್ರ ಸ್ವಲ್ಪ ನಿರಿಗೆಗಟ್ಟಿತ್ತು.

"ಪೊರಿ ಯಾವಾಗ ಬಿಡ್ತು ರೀ ಇದು?"

"ಮೊನ್ನಿ."

"ಸರ್ಪಮಿತ್ರನಿಗೆ ಹೇಳಿದ್ರೇನು?"

ಅವರು ನನ್ನ ಕಡೆ ನೋಡಲಿಲ್ಲ. "ಒಂದ್ ವಾರ ಹೋಲ್ಡ್ ಮಾಡೂಣು. ಮಳಿ ಭಾಳ ಐತಿ."

ಮಳೆ ಇರಲಿಲ್ಲ. ಹೊರಗೆ ಚೆನ್ನಾಗಿ ಬಿಸಿಲಿತ್ತು. ನಾನೂ ಹೂಂ ಎಂದೆ. ಹಾವು ಹೋದರೆ ನನ್ನ ಸಂಜೆಗಳ ಗತಿಯೇನು ಎಂಬ ಯೋಚನೆ ನನಗೂ ಹತ್ತಿತ್ತು. ಹಾವು ಡಬ್ಬಿಯ ಗೋಡೆಗೆ ಮೂಗು ಉಜ್ಜುತ್ತ ಮೂಲೆಯಿಂದ ಮೂಲೆಗೆ ಓಡಾಡುತ್ತಿತ್ತು. ನಾವಿಬ್ಬರೂ ನೋಡಿಯೂ ನೋಡದವರ ಹಾಗೆ ಚಹಾ ಕುಡಿದೆವು.

ಮರುದಿನ ನಾನು ಆಫೀಸಿಗೆ ಹೊರಡುವ ಮೊದಲೇ ಅವರು ಬಂದು ನಿಂತಿದ್ದರು. "ಫೋನ್ ಮಾಡಿದೆ. ಇವತ್ತು ಬರ್ತಾನಂತ. ನೀ ರಜಾ ಹಾಕು." ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು: "ಹೋಲ್ಡ್ ಮ್ಯಾಲೆ ಇಟ್ಟವರ ದನಿ ಈ ಕಿವಿ ಎಷ್ಟು ಕೇಳೈತಿ ಅಂತೀ. 'ಹಲೋ, ಯಾರರೆ ಅದೀರೇನ್ರಿ' ಅಂತ ಕೂಗೋರು. ಅದರ ಪರಿಸ್ಥಿತಿ ಹಂಗ ಮಾಡೋದು ಬ್ಯಾಡ."

ಅರಣ್ಯದ ಅಂಚಿನಲ್ಲಿ, ಗಾರ್ಡ್ ಒಬ್ಬನ ಎದುರು ಸರ್ಪಮಿತ್ರ ಹಾವಿದ್ದ ಚೀಲ ಬಿಚ್ಚಿದ. ಹಾವು ಒಂದು ಗಳಿಗೆ ನಾಲಿಗೆ ಚಾಚಿ ನಿಂತಿತು. ಆಮೇಲೆ ಹುಲ್ಲು ಸರಸರ ಎಂದಿತು, ಅಷ್ಟೇ. ತಿರುಗಿಯೂ ನೋಡಲಿಲ್ಲವಲ್ಲ ಎಂದು ನಾನು ಸಣ್ಣಗೆ ದೂರಿದೆ.

"ಛಲೋ ಆತು. ತಿರುಗಿ ನೋಡಿದ್ರ ಕಳಸೂದು ನನ್ನ ಕೈಲೆ ಆಗ್ತಿರಲಿಲ್ಲ."

ಸಂಜೆ ಅದೇ ಹೊತ್ತಿಗೆ ನಾನು ಅವರ ಬಾಗಿಲು ತಟ್ಟಿದೆ. ಹಿಡಿಯಲು ಏನೂ ಇರಲಿಲ್ಲ. ಆದರೂ ಮರುದಿನವೂ ತಟ್ಟಿದೆ, ಅದರ ಮರುದಿನವೂ ತಟ್ಟಿದೆ. ಯಾಕೆ ಬಂದೆ ಎಂದು ಅವರು ಒಂದು ಸಲವೂ ಕೇಳಲಿಲ್ಲ.

ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದವನು ನಾನೇ. ಅಲ್ಲಿಂದ ಅವರು ಮರಳಲಿಲ್ಲ. ಅಣ್ಣನಿಗೆ ನಾನೇ ಫೋನ್ ಮಾಡಿದೆ. ರಾತ್ರಿ ಬಸ್ಸಿಗೆ ಹೊರಟು ಬಂದರು. ಬಿಳಿ ಧೋತರ ಉಟ್ಟ, ನಡಿಗೆ ತಪ್ಪುತ್ತಿದ್ದ ಮುದುಕರು. ಎಲ್ಲ ಕ್ರಿಯೆ ಮುಗಿದ ಮೇಲೆ ತಂಗಿಯ ಮನೆಯ ಗ್ಯಾಲರಿಯಲ್ಲಿ ಬಹಳ ಹೊತ್ತು ಕೂತಿದ್ದರು. "ಈ ಪಂಚಮಿಗೆ ಕರೀಬೇಕಂತಿದ್ದೆ" ಎಂದರು. ಕರೆಯದ ಅಣ್ಣಂದಿರೆಲ್ಲ ಹಾಗೇ ಅನ್ನುತ್ತಾರೆ. ಸಿಟ್ಟು ಮಾಡಲು ನನಗೆ ಶಕ್ತಿ ಉಳಿದಿರಲಿಲ್ಲ.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. "ಒಬ್ಬಾಕೀನ ಇದ್ಲೇನ್ರಿ ಇಲ್ಲಿ?"

"ಇಲ್ರಿ. ನಾ ಇದ್ದೆ" ಎಂದೆ.

ಅವರು ತಲೆಯಾಡಿಸಿ ಲಿಫ್ಟಿನೊಳಗೆ ಹೋದರು. ಒಂದು ದಿನ ನನ್ನ ಬಗ್ಗೆಯೂ ಯಾರಾದರೂ ಬಂದು ಇದೇ ಮಾತು ಕೇಳಬಹುದು. ಆಗ ಎದುರು ಬಾಗಿಲು ತೆರೆದು "ಇಲ್ರಿ, ನಾ ಇದ್ದೆ" ಅನ್ನಬೇಕಾದವರು ಅಕ್ಕಾರೊಬ್ಬರೇ ಆಗಿದ್ದರು.