ಅಕ್ಕನ ಕಾಲಿಗೆ ಚುಚ್ಚಿದ ಸೂಜಿ

ಕಣ್ಣಿನ ಮದ್ದು ಕಾಲಲ್ಲಿದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ಅವರ ಮುಖಕ್ಕೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆಯೇ? ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನನ್ನ ಅಕ್ಕನನ್ನು ಹನಗೋಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದೆವು. ಬೆಂಕಿಯ ಶಾಖದಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳ ಕಣ್ಣು ಮಂಜಾಗುತ್ತಾ ಬಂದು, ಕೊನೆಗೆ ಬೆಳಕು ಯಾವುದು ಕತ್ತಲೆ ಯಾವುದು ಎಂದು ತಿಳಿಯುವಷ್ಟೇ ಉಳಿಯಿತು. ಮೈಸೂರಿನ ಡಾಕ್ಟರು, ನರ ಒಣಗಿದೆ, ಇನ್ನೇನೂ ಮಾಡಲಾಗದು ಎಂದರು. ಹುಣಸೂರಿನಲ್ಲಿ ಸೂಜಿ ಚುಚ್ಚಿ ವಾಸಿ ಮಾಡುವ ಅಕ್ಯುಪಂಕ್ಚರ್ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಅಕ್ಕ ಹಟ ಹಿಡಿದಳು. ಬೈಯುತ್ತಲೇ ಕರೆದೊಯ್ದೆ. ಬಣ್ಣ ಗುರುತಾಗುತ್ತದೋ ಇಲ್ಲವೋ ನೋಡಲು ಒಂದು ಹಿಡಿ ಸೊಪ್ಪನ್ನೂ ಚೀಲಕ್ಕೆ ತುರುಕಿಕೊಂಡಿದ್ದಳು.

ಮಟಮಟ ಮಧ್ಯಾಹ್ನ. ಅಕ್ಕನನ್ನು ಮಂಚದ ಮೇಲೆ ಮಲಗಿಸಿ, ಕಾಲಿನ ಹೊರಬದಿಗೆ, ಪಾದದ ಹರಡಿಗಿಂತ ಅರ್ಧ ಗೇಣು ಮೇಲೆ ಸೂಜಿ ಇಳಿಸಿದ ಡಾಕ್ಟರು, ದೃಷ್ಟಿಯ ಜಾಗ ಇದೇ ಎಂದರು. ನಾನು ಮನಸ್ಸಿನಲ್ಲೇ ಥೂ ಎಂದುಕೊಂಡು, ಚೀಲದಿಂದ ಒಂದು ಎಲೆ ತೆಗೆದು ನೋಡುತ್ತಾ ಕೂತೆ.

“ನಿಂಬೆಹಣ್ಣಿನ ಬಣ್ಣದ್ದು. ತುದಿ ಸುಟ್ಟದೆ,” ಎಂದಳು ಅಕ್ಕ.

ಎಲೆಯನ್ನು ತಿರುಗಿಸಿ ನೋಡಿದೆ. ನಿಜಕ್ಕೂ ಹಾಗೇ ಇತ್ತು. ಇನ್ನೊಂದು ತೆಗೆದೆ.

“ಇದು ಕಂದು. ಅದ್ರ ಜೊತೆ ಸೇರಿಸ್ಬ್ಯಾಡ ಕಣ್ಲಾ!”

ದೇವರೇ, ಕಣ್ಣು ಬಂತು! ಖುಷಿಯಿಂದ ಅವಳ ಮುಖ ನೋಡಿದೆ. ರೆಪ್ಪೆಗಳು ಮುಚ್ಚಿದ್ದವು.

“ಅಯ್ಯೋ, ಇದ್ಯಾರ್ಲಾ? ನಾನಾ? ಇಷ್ಟೊಂದು ನರೆ ಬಂದದಾ ನಂಗೆ?”

ನನ್ನ ಕಣ್ಣಿಗೆ ಬಿದ್ದದ್ದೇ ಅವಳಿಗೂ ಕಾಣುತ್ತಿತ್ತು. ಹೆದರಿ ಕಣ್ಣು ಮುಚ್ಚಿಕೊಂಡುಬಿಟ್ಟೆ.

“ಕತ್ಲಾಯ್ತು! ಕಣ್ಣು ಬುಡ್ಲಾ, ಕಣ್ಣು ಬುಡು!” ಎಂದು ಅಕ್ಕ ಕಿರುಚಿದಳು. ನಾನು ಕಣ್ಣು ಬಿಡುವಷ್ಟರಲ್ಲಿ ಡಾಕ್ಟರು ಗಾಬರಿಯಿಂದ ಸೂಜಿ ಕಿತ್ತಾಗಿತ್ತು. ಅಕ್ಕ ಗಾಳಿಯಲ್ಲಿ ಕೈಯಾಡಿಸುತ್ತಾ ಅಳುತ್ತಿದ್ದಳು. ನನಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ಅದೇ ಜಾಗಕ್ಕೆ ಎಷ್ಟು ಸಲ ಚುಚ್ಚಿಸಿದರೂ ಏನೂ ಆಗಲಿಲ್ಲ. ಡಾಕ್ಟರಿಗೂ ಇದರ ತಲೆಬುಡ ತಿಳಿಯಲಿಲ್ಲ, ನನಗಂತೂ ಇಂದಿಗೂ ತಿಳಿದಿಲ್ಲ.

ಮೊನ್ನೆ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕ ಜಗುಲಿಯ ಮೇಲೆ ಕೂತಿದ್ದಳು, ಕೆನ್ನೆಗೆ ಒಲೆಯ ಮಸಿ ಹತ್ತಿತ್ತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅವಳು ಸೆರಗಿನಿಂದ ಸರಿಯಾಗಿ ಅಲ್ಲೇ ಒರೆಸಿಕೊಂಡಳು. ಕಾಣುತ್ತಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಆದರೆ ಅವಳು ಎದ್ದು ಒಳಗೆ ಹೋಗುವವರೆಗೂ ರೆಪ್ಪೆ ಬಡಿಯದೆ ನೋಡುತ್ತಲೇ ಕೂತೆ.